ಗಾಳಿ ಬಡಿದ ಮಾತು

ಹೊರನಾಡಿನಲ್ಲಿರುವ ನಾವೆಲ್ಲ ಅಂಜುವ ಫೋನು ಒಂದಿದೆ: "ಅಪ್ಪನಿಗೆ ಲಕ್ವ ಹೊಡೆದಿದೆ." ಓದಿದವರು ಪಾರ್ಶ್ವವಾಯು ಎನ್ನುತ್ತೇವೆ. ಹಳ್ಳಿಯಲ್ಲಿ "ಕೈಕಾಲು ಬಿದ್ದುಹೋಯ್ತು, ಮಾತೂ ಬಿದ್ದುಹೋಯ್ತು" ಎನ್ನುತ್ತಾರೆ. ಈ ಹೆಸರುಗಳು ಎಲ್ಲಿಂದ ಬಂದವು?

ಲಕ್ವ ಉರ್ದುವಿನ ಮೂಲಕ ಬಂದ ಅರಬ್ಬಿ ಪದ. ಮೂಲದಲ್ಲಿ ಅದು ಮುಖ ಸೊಟ್ಟಗಾಗುವುದರ ಹೆಸರು. ಪಾರ್ಶ್ವವೆಂದರೆ ಮಗ್ಗುಲು, ವಾಯು ಆಯುರ್ವೇದದ ಕೊಡುಗೆ. ಚರಕಸಂಹಿತೆಯ ಪ್ರಕಾರ ಚಲನೆ, ಮಾತು ಎರಡೂ ವಾಯುವಿನ ಕೆಲಸ. ವಾತದಿಂದ ಬರುವ ರೋಗಗಳು 80. ಮೈ ಬಿಲ್ಲಿನಂತೆ ಬಾಗುವ ಧನುರ್ವಾಯುವಿನಲ್ಲೂ ಇರುವುದು ಅದೇ ಗಾಳಿ.

ಕಾವಾಸಾಕಿಗೆ ಬಂದು ಜಪಾನಿ ಅಕ್ಷರಗಳನ್ನು ಕಲಿತಾಗ ನಮಗೆ ಅದೇ ಗಾಳಿ ಇಲ್ಲಿಯೂ ಸಿಕ್ಕಿತು. ಈ ಕಾಯಿಲೆಯ ಹಳೆಯ ಹೆಸರು 'ಚೂಫೂ'. ಚೀನೀ ವೈದ್ಯದಿಂದ ಬಂದ ಪದ. ಗಾಳಿ ತಾಗಿದ್ದು ಎಂದರ್ಥ. ಇಂದಿನ ಹೆಸರು 'ನೋಸೊಚ್ಚೂ', ಮಿದುಳಿಗೆ ತಟ್ಟನೆ ತಾಗಿದ್ದು. ಗಾಳಿ ಹೋಗಿ ಪೆಟ್ಟು ಉಳಿಯಿತು! ಇಂಗ್ಲಿಷಿನ ಸ್ಟ್ರೋಕ್ ಕೂಡ ಪೆಟ್ಟೇ.

ಪೆಟ್ಟು ಬೀಳುವುದು ಮಿದುಳಿಗೆ ಎಂಬ ತಿಳಿವು ನಿಧಾನವಾಗಿ ಬಂತು. 1658ರಲ್ಲಿ ಸ್ವಿಸ್ ವೈದ್ಯ ವೆಪ್ಫರ್, ಹೀಗೆ ಸತ್ತ ಕೆಲವರ ಮಿದುಳಿನಲ್ಲಿ ರಕ್ತಸ್ರಾವವಾದದ್ದನ್ನು ತೋರಿಸಿದ. 1774ರಲ್ಲಿ ಸುಗಿತಾ ಗೆಂಪಾಕು ಮತ್ತು ಗೆಳೆಯರು ಡಚ್ಚರ ಅಂಗರಚನಾಶಾಸ್ತ್ರದ ಪುಸ್ತಕವನ್ನು ಅನುವಾದಿಸುವಾಗ 'ಶಿಂಕೇ' ಎಂಬ ಪದವನ್ನೇ ಟಂಕಿಸಿದರು. ನಮ್ಮ ಆಡುಮಾತಿನಲ್ಲಾದರೋ 'ನರ' ಎಂದರೆ ರಕ್ತನಾಳವೂ ಹೌದು, ಶಿಂಕೇಯೂ ಹೌದು.

ಮಾತಿನ ಕತೆ ಇನ್ನೂ ಸೂಕ್ಷ್ಮ. 1861ರಲ್ಲಿ ಪ್ಯಾರಿಸ್ಸಿನ ಬ್ರೋಕಾ ಪರೀಕ್ಷಿಸಿದ ರೋಗಿಯೊಬ್ಬ ಏನು ಕೇಳಿದರೂ "ತಾನ್, ತಾನ್" ಎನ್ನುತ್ತಿದ್ದ. ಕೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತಿತ್ತು. 1864ರಲ್ಲಿ ತ್ರೂಸೋ ಇದಕ್ಕೆ ಅಫೇಸಿಯ ಎಂದು ಹೆಸರಿಟ್ಟ. ಜಪಾನಿಯಲ್ಲಿ 'ಶಿತ್ಸುಗೋ', ಅಂದರೆ ಕಳೆದುಹೋದ ಭಾಷೆ. ನಮ್ಮಲ್ಲಿ ತೊದಲು ಉಂಟು, ಉಗ್ಗು ಉಂಟು, ಮೂಕ ಉಂಟು. ಇದಕ್ಕೆ ಮಾತ್ರ ಮನೆಮಾತಿನಲ್ಲಿ ಒಂದು ಹೆಸರು ನೆಲೆನಿಂತಿಲ್ಲ. ಹಾಗಾಗಿ ಪದ ಸಿಗದೆ ಒದ್ದಾಡುವ ಹಿರಿಯರ ಎದುರಿಗೇ "ಬುದ್ಧಿ ಹೋಗಿದೆ" ಎಂದುಬಿಡುತ್ತೇವೆ. ಅವರಿಗೆ ಅದು ಕೇಳಿಸುತ್ತದೆ, ಎಷ್ಟೋ ಸಲ ಅರ್ಥವೂ ಆಗುತ್ತದೆ.

ಹಳೆಯ ಹೆಸರು ಇರಲಿ, ತಪ್ಪಿಲ್ಲ. ಆದರೆ ಗಾಳಿಯೆಂದು ನಂಬಿ ಎಣ್ಣೆ ನೀವುತ್ತ ಕೂತರೆ ಹೊತ್ತು ಮೀರುತ್ತದೆ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಹೆಪ್ಪೋ ರಕ್ತಸ್ರಾವವೋ ಎಂದು ತಿಳಿಯಲು ಮೊದಲು ಸ್ಕ್ಯಾನ್ ಆಗಬೇಕು. ಬಾಯಿ ಸೊಟ್ಟಗಾದರೆ, ಎತ್ತಿದ ಕೈ ಜಾರಿದರೆ, ಮಾತು ತೊದಲಿದರೆ ಗಡಿಯಾರ ನೋಡಿ, ಕೂಡಲೇ ಕರೆ ಮಾಡಿ: ಇಲ್ಲಿ 119, ಊರಿನಲ್ಲಿ 108. ಮುಂದಿನ ಸಲ ಊರಿಗೆ ಫೋನು ಮಾಡಿದಾಗ ಇದಿಷ್ಟನ್ನೂ ಮನೆಯವರಿಗೆ ಹೇಳೋಣ.