ಮಗನೂ ದೇವರೇ ಎಂಬ ಹಳೆಯ ಪ್ರಶ್ನೆ

ರಾಮಾಪುರದ ಸುತ್ತಿನ ಕಾಡಂಚಿನ ಊರುಗಳಲ್ಲಿ ಮಾದಪ್ಪನ ಒಕ್ಕಲಿನ ಜೊತೆಗೆ ಕ್ರೈಸ್ತ ಮನೆಗಳೂ ಇವೆ. ಮಾರ್ಟಳ್ಳಿಯಲ್ಲಂತೂ ಕಥೋಲಿಕರೇ ಹೆಚ್ಚು. ಕಥೋಲಿಕರ ಬಲಿಪೂಜೆಯಲ್ಲಿ ಬಳಸುವ ನೈಸೀಯಾದ ವಿಶ್ವಾಸ ಪ್ರಮಾಣದಲ್ಲಿ, ಯೇಸುಕ್ರಿಸ್ತ ಪಿತನಿಂದ ಜನಿಸಿದವನೇ ಹೊರತು ಸೃಷ್ಟಿಯಾದವನಲ್ಲ ಎಂಬ ಅರ್ಥದ ಮಾತೊಂದು ಬರುತ್ತದೆ. ಹೊರಗಿನವರಿಗೆ ಇದು ಶಬ್ದಗಳ ಆಟದಂತೆ ಕಂಡೀತು. ಆದರೆ ಅದರ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಜಗಳವಿದೆ.

ಸುಮಾರು 318ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಪಾದ್ರಿ ಆರಿಯಸ್ ತನ್ನ ಬಿಷಪ್ ಅಲೆಕ್ಸಾಂಡರನ ಬೋಧನೆಯನ್ನೇ ಪ್ರಶ್ನಿಸಿದ. ದೇವರು ಒಬ್ಬನೇ, ಅವನಿಗೆ ಆದಿಯಿಲ್ಲ. ಮಗ ಎಂದ ಮೇಲೆ ಆದಿ ಇರಲೇಬೇಕು. ಆದ್ದರಿಂದ ಕ್ರಿಸ್ತ ಸೃಷ್ಟಿಯಲ್ಲೆಲ್ಲ ಮೊದಲಿಗ, ಶ್ರೇಷ್ಠ. ಪಿತನಿಗೆ ಮಾತ್ರ ಸಮನಲ್ಲ. ಇದು ಅವನ ತರ್ಕ. ಆರಿಯಸ್ ಕ್ರಿಸ್ತನನ್ನು ಬರಿಯ ಮನುಷ್ಯನೆಂದ ಎಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ನಾವಿಕರು, ಬೀಸುವವರು, ದಾರಿಹೋಕರು ಹಾಡಿಕೊಳ್ಳಲೆಂದು ಅವನು ಪದಗಳನ್ನೂ ಕಟ್ಟಿದನೆಂದು ಇತಿಹಾಸಕಾರ ಫಿಲಾಸ್ಟಾರ್ಜಿಯಸ್ ಬರೆದಿದ್ದಾನೆ. ಕಂಸಾಳೆಯವರು ಮಹದೇಶ್ವರನ ಕಥೆಯನ್ನು ಹಾಡಿಯೇ ಉಳಿಸಿಕೊಂಡು ಬಂದ ಸೀಮೆಗೆ ಹಾಡಿನ ಬಲವನ್ನು ಬಿಡಿಸಿ ಹೇಳಬೇಕಿಲ್ಲ.

ಜಗಳ ಬೀದಿಗೆ ಬಂದಾಗ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ, ಈಗಿನ ಟರ್ಕಿಯಲ್ಲಿರುವ ನೈಸೀಯಾದಲ್ಲಿ ಬಿಷಪರ ಸಭೆ ಕರೆದ. ಅವನಿಗೆ ಬೇಕಿದ್ದುದು ತತ್ತ್ವಕ್ಕಿಂತ ಸಾಮ್ರಾಜ್ಯದ ಒಗ್ಗಟ್ಟು. ಪಿತನದೂ ಸುತನದೂ ‘ಒಂದೇ ಸತ್ವ’ ಎಂದು ಸಭೆ ತೀರ್ಮಾನಿಸಿತು. ಆರಿಯಸ್ ಗಡೀಪಾರಾದ.

ಆದರೆ ವಾದ ಅಲ್ಲಿಗೆ ಮುಗಿಯಲಿಲ್ಲ. ‘ಒಂದೇ ಸತ್ವ’ ಅಲ್ಲ, ‘ಹೋಲುವ ಸತ್ವ’ ಎನ್ನೋಣ ಎಂದು ನಡುವಿನ ಗುಂಪೊಂದು ಹೊರಟಿತು. ಗ್ರೀಕ್‌ನಲ್ಲಿ ಆ ಎರಡು ಪದಗಳಿಗೆ ಒಂದೇ ಅಕ್ಷರದ ವ್ಯತ್ಯಾಸ. ಮುಂದಿನ ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್ ನೈಸೀಯಾದ ವಿರೋಧಿಗಳ ಬೆನ್ನಿಗೆ ನಿಂತ. ಅಲೆಕ್ಸಾಂಡರನ ನಂತರ ಬಿಷಪ್ ಆದ ಅಥನಾಸಿಯಸ್ ಐದು ಸಲ ಊರು ಬಿಡಬೇಕಾಯಿತು. ಅವನ ಹಟಕ್ಕೆ ಕಾರಣವಿತ್ತು. ಸೃಷ್ಟಿಯಾದವನು ಸೃಷ್ಟಿಯನ್ನು ಉದ್ಧರಿಸಲಾರ. ಕ್ರಿಸ್ತ ದೇವರಲ್ಲದಿದ್ದರೆ ಭಕ್ತನಿಗೆ ಮೋಕ್ಷ ಎಲ್ಲಿಯದು ಎಂಬುದು ಅವನ ಪ್ರಶ್ನೆ. 381ರ ಕಾನ್‌ಸ್ಟಾಂಟಿನೋಪಲ್ ಸಭೆ ನೈಸೀಯಾದ ನಿಲುವನ್ನೇ ಎತ್ತಿಹಿಡಿದು, ಪವಿತ್ರಾತ್ಮನಿಗೂ ಪಿತ, ಸುತರ ಜೊತೆಯ ಆರಾಧನೆ ಸಲ್ಲುತ್ತದೆಂದು ಸಾರಿತು. ತ್ರಿತ್ವವನ್ನು ತ್ರಿಮೂರ್ತಿಗಳಿಗೆ ಹೋಲಿಸಿ ವಿವರಿಸುವ ರೂಢಿಯಿದೆ. ಆ ಹೋಲಿಕೆ ಅಷ್ಟಾಗಿ ಕೂಡುವುದಿಲ್ಲ. ಇಲ್ಲಿ ವ್ಯಕ್ತಿಗಳು ಮೂವರು, ದೇವರು ಒಬ್ಬನೇ.

ಮುಂದೆ 1956ರವರೆಗೂ ಕೊಳ್ಳೇಗಾಲ ಸೀಮೆಗೆ ರಾಜಧಾನಿಯಾಗಿದ್ದ ಮದ್ರಾಸಿನಲ್ಲೇ ಈ ಪ್ರಶ್ನೆ ಮತ್ತೆ ಎದ್ದದ್ದು ಅಷ್ಟಾಗಿ ತಿಳಿದಿಲ್ಲದ ಸಂಗತಿ. ತಿರುವೇಂಗಡಂ ಎಂಬ ತಮಿಳು ಯುವಕ ಕ್ರೈಸ್ತನಾಗಿ ವಿಲಿಯಂ ರಾಬರ್ಟ್ಸ್ ಎಂಬ ಹೆಸರು ಪಡೆದ. ಸೇವಕನಾಗಿ ಇಂಗ್ಲೆಂಡಿಗೆ ಹೋದಾಗ ತ್ರಿತ್ವವನ್ನು ಒಪ್ಪದ ಯೂನಿಟೇರಿಯನ್ನರ ಪುಸ್ತಕಗಳು ಅವನ ಕೈಗೆ ಸಿಕ್ಕವು. ಆ ಪಂಥದವರು ಆರಿಯಸ್‌ಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಕ್ರಿಸ್ತ ದೇವರು ಕಳಿಸಿದ ಮನುಷ್ಯನೆಂದೇ ನಂಬುತ್ತಿದ್ದರು. ರಾಬರ್ಟ್ಸ್ 1795ರಲ್ಲಿ ಮದ್ರಾಸಿನಲ್ಲಿ ಇಂಥದೊಂದು ಸಭೆಯನ್ನು ಆರಂಭಿಸಿದ. ಯಾವ ಮಿಷನರಿಯ ನೆರಳೂ ಇಲ್ಲದೆ ತಮಿಳಿನಲ್ಲೇ ಬೋಧಿಸಿದ. 1813ರಲ್ಲಿ ಅವನ ಕಡೆಯವರಿಗೆ ಸ್ವಂತದ್ದೊಂದು ಪ್ರಾರ್ಥನಾ ಮಂದಿರವೂ ಆಯಿತು.