ಕಪ್ಪಾಗುವ ಬಾಟಲಿ

1955ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಕಾಮಾಲೆ ಹಬ್ಬಿತು. ಎರಡು ತಿಂಗಳೊಳಗೆ ಸುಮಾರು 29 ಸಾವಿರ ಮಂದಿ ಕಾಯಿಲೆ ಬಿದ್ದರು. ಯಮುನೆಯ ಹರಿವು ಬದಲಾಗಿ, ನಜಫಗಢ ನಾಲೆಯ ಕೊಳಚೆ ವಜೀರಾಬಾದಿನಲ್ಲಿ ಕುಡಿಯುವ ನೀರನ್ನು ಎತ್ತುವ ಜಾಗಕ್ಕೆ ಸೇರಿತ್ತು. ಕ್ಲೋರಿನ್ ಹೆಚ್ಚಿಸಿದ್ದರಿಂದ ವಿಷಮಶೀತಜ್ವರ ಏರಲಿಲ್ಲ. ಆದರೆ ಕಾಮಾಲೆಯ ವೈರಾಣು ನುಸುಳಿತು. ಶುದ್ಧೀಕರಣ ಘಟಕವಿದ್ದ ರಾಜಧಾನಿಯ ಪಾಡೇ ಇದಾದರೆ, ಪ್ರಯೋಗಾಲಯವನ್ನೇ ಕಾಣದ ಹಳ್ಳಿಗಳ ಪಾಡೇನು?

ನೀರಿನಲ್ಲಿ ರೋಗಾಣುಗಳನ್ನು ಹುಡುಕಬೇಕಾದರೆ ಮಾದರಿಯನ್ನು ಶುದ್ಧ ಬಾಟಲಿಯಲ್ಲಿ ಹಿಡಿದು, ತಂಪಾಗಿಟ್ಟು, ಒಂದು ದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಬಾವಿ ಹಳ್ಳಿಯಲ್ಲಿ, ಪ್ರಯೋಗಾಲಯ ಪಟ್ಟಣದಲ್ಲಿ. ಈ ದೂರವನ್ನು ಕಡಿಮೆ ಮಾಡಿದವರು ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಂಜ, ಮೌರ್ಯ ಮತ್ತು ರಾವ್ ಎಂಬ ವಿಜ್ಞಾನಿಗಳು. ಅವರ ಸರಳ ಪರೀಕ್ಷೆ 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧ ಹೀರಿದ ಕಾಗದವಿರುವ ಬಾಟಲಿಗೆ ನೀರು ತುಂಬಿ ಬೆಚ್ಚಗಿನ ಕಡೆ ಇಟ್ಟರಾಯಿತು. ಮಲದೊಂದಿಗೆ ಬರುವ ಬ್ಯಾಕ್ಟೀರಿಯಾಗಳಿದ್ದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟಿ, ಕಾಗದದಲ್ಲಿರುವ ಕಬ್ಬಿಣದೊಡನೆ ಕೂಡಿ, ಸಾಮಾನ್ಯವಾಗಿ ರಾತ್ರಿ ಕಳೆಯುವುದರೊಳಗೆ ನೀರು ಕಪ್ಪಾಗುತ್ತದೆ. ಅಕ್ಷರ ಬಾರದವರೂ ಓದಬಲ್ಲ ಉತ್ತರವಿದು.

ಸಾಧನ ಸರಳವಾದ ಮೇಲೆ ಜನರನ್ನು ತಯಾರು ಮಾಡುವ ಕೆಲಸ ಉಳಿಯಿತು. ಕೇಂದ್ರ ಸರ್ಕಾರವು 2006ರಲ್ಲಿ ಗ್ರಾಮೀಣ ಕುಡಿಯುವ ನೀರಿನ ಗುಣಮಟ್ಟದ ಉಸ್ತುವಾರಿಗಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಐವರಿಗೆ ತರಬೇತಿ ಕೊಡಿಸಲು ಹೊರಟಿತು. 2019ರಲ್ಲಿ ಬಂದ ಜಲ ಜೀವನ ಮಿಷನ್, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೇ ಈ ಕೆಲಸ ಕಲಿಸುವ ಗುರಿ ಇಟ್ಟುಕೊಂಡಿತು. ನೀರು ಹೊತ್ತವರೇ ನೀರನ್ನು ಪರೀಕ್ಷಿಸುವುದು ಯೋಗ್ಯವೇ ಸರಿ.

ಆದರೆ ಬಾಟಲಿಗೆ ಬಣ್ಣ ಬಂದಿತೇ ಎಂದು ನೋಡುವುದಷ್ಟೇ ತರಬೇತಿಯಲ್ಲ. ಬಾಟಲಿ ಕಪ್ಪಾಗಲಿಲ್ಲವೆಂದರೆ ನೀರು ನಿರ್ದೋಷಿ ಎಂದರ್ಥವಲ್ಲ. ಪಾವಗಡದ ಕೊಳವೆಬಾವಿಗಳ ಫ್ಲೋರೈಡು ಅದಕ್ಕೆ ಸಿಕ್ಕುವುದಿಲ್ಲ; ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. ಭಾರತೀಯ ಮಾನಕದಂತೆ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೂ 1.5 ಮೀರುವಂತಿಲ್ಲ. ವೈರಾಣುವನ್ನೂ ಬಾಟಲಿ ನೇರವಾಗಿ ಹಿಡಿಯಲಾರದು. ಆದ್ದರಿಂದ ಬಾವಿಯ ಸುತ್ತ ಚರಂಡಿ ಎಲ್ಲಿ ಹರಿಯುತ್ತದೆ, ಶೌಚದ ಗುಂಡಿ ಎಷ್ಟು ದೂರವಿದೆ, ಕೊಳವೆ ಎಲ್ಲಿ ಒಡೆದಿದೆ ಎಂದು ನೋಡಲೂ ಕಲಿಸಬೇಕು. 1955ರಲ್ಲಿ ಕೆಟ್ಟದ್ದು ಇಂಥ ಕಡೆಯೇ ಅಲ್ಲವೆ?

ಇನ್ನೊಂದು ಮಾತು. ಕಚೇರಿಯಲ್ಲಿ ಕಡತಗಳ ನಡುವೆ ಬದುಕುವ ನನ್ನಂಥವನಿಗೆ ಗೊತ್ತು: ಷರಾ ಬಿದ್ದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಯಾವ ಬಾವಿ, ಯಾವ ದಿನ, ಫಲವೇನು, ಯಾರಿಗೆ ತಿಳಿಸಲಾಯಿತು, ಅವರು ಏನು ಮಾಡಿದರು—ಈ ಐದು ಕಾಲಮುಗಳು ಪುಸ್ತಕದಲ್ಲಿರಬೇಕು. ಕೊನೆಯ ಕಾಲಮು ಖಾಲಿ ಉಳಿದರೆ, ಆ ತಾಯಿ ಮಾರನೆಯ ದಿನವೂ ಅದೇ ಬಾವಿಗೆ ಕೊಡ ಇಳಿಸಬೇಕಾಗುತ್ತದೆ. ಈ ಸಲ ತಿಳಿದೂ ತಿಳಿದೂ.