ಪೆರ್ಬ್ಬೊಳಲ್‌ನಿಂದ ಹೆಬ್ಬಾಳಕ್ಕೆ: ಒಂದು ಸ್ಥಳನಾಮದ ಶಾಸನಸಾಕ್ಷ್ಯ

ಬೆಂಗಳೂರಿನ ಉತ್ತರ ಭಾಗದ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಗಂಗರ ಶ್ರೀಪುರುಷನ ಆಳ್ವಿಕೆಯಲ್ಲಿ, ರಟ್ಟವಾಡಿಯವರ ದಾಳಿಯ ಸಂದರ್ಭದಲ್ಲಿ ಹೋರಾಡಿ ಮಡಿದ ಕಿತ್ತಯ್ಯನೆಂಬವನ ನೆನಪಿಗೆ ನಿಲ್ಲಿಸಿದ ಕಲ್ಲಿದು. ಇದರ ಕಾಲವನ್ನು ಕ್ರಿ.ಶ. ಸುಮಾರು 750 ಎಂದು ನಿರ್ಣಯಿಸಲಾಗಿದೆ. ಶ್ರೀಪುರುಷನ ಆಳ್ವಿಕೆ 726ರಿಂದ 788ರವರೆಗೆ ಆರು ದಶಕಗಳಷ್ಟು ದೀರ್ಘವಾದುದರಿಂದ ಈ ‘ಸುಮಾರು’ ಎಂಬ ಮಾತನ್ನು ನಾವು ಮರೆಯುವಂತಿಲ್ಲ. ಪತ್ರಿಕೆಗಳು ಇದನ್ನು ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಸಂಭ್ರಮಿಸಿದವು. ಆ ಸಂಭ್ರಮ ಸಹಜವಾದುದೇ. ಆದರೆ ಭಾಷಾಚರಿತ್ರೆಯ ವಿದ್ಯಾರ್ಥಿಗೆ ಈ ಕಲ್ಲಿನ ಮೌಲ್ಯವಿರುವುದು ಅದರಲ್ಲಿ ಬರುವ ಪೆರ್ಬ್ಬೊಳಲ್ನಾಡು ಎಂಬ ಹೆಸರಿನಲ್ಲಿ. ಮೂವತ್ತು ಎಂಬ ಸಂಖ್ಯೆಯೊಡನೆ ಬರುವ ಈ ಆಡಳಿತ ವಿಭಾಗದ ಹೆಸರು ಇಂದಿನ ಹೆಬ್ಬಾಳದ ಪೂರ್ವರೂಪವೆಂಬುದು ಸಾಮಾನ್ಯ ಅಭಿಪ್ರಾಯ. ಬೇಗೂರಿನ ನಾಗೇಶ್ವರ ದೇವಾಲಯದ ಸುಮಾರು 890ರ ವೀರಗಲ್ಲಿನಲ್ಲಿ ಬೆಂಗಳೂರೆಂಬ ಹೆಸರು ಕಾಣಿಸಿಕೊಳ್ಳುವುದಕ್ಕೂ ಒಂದು ಶತಮಾನಕ್ಕೆ ಮಿಗಿಲಾಗಿ ಹಿಂದಿನ ಮಾತಿದು.

ಪೆರ್ಬ್ಬೊಳಲ್ ಹೆಬ್ಬಾಳವಾದುದು ಹೇಗೆ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಸುಲಭ. ಪೆರ್ ಎಂದರೆ ಹಿರಿದು, ಪೊೞಲ್ ಎಂದರೆ ಪಟ್ಟಣ. ಸಮಾಸದಲ್ಲಿ ಉತ್ತರಪದದ ಪಕಾರಕ್ಕೆ ಬಕಾರಾದೇಶ. ಪದಾದಿಯ ಪಕಾರ ಹಕಾರವಾಗುವ ಪ್ರಕ್ರಿಯೆ 10ನೆಯ ಶತಮಾನದಿಂದ ಕಾಣತೊಡಗಿ 14ನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಮುಗಿಯುತ್ತದೆ. ರೇಫವು ಮುಂದಿನ ವ್ಯಂಜನದೊಡನೆ ಸಮರೂಪ ಹೊಂದುವುದಕ್ಕೆ ಹೆಬ್ಬಾಗಿಲು, ಹೆಬ್ಬಾವು, ಹೆಬ್ಬುಲಿ ಮೊದಲಾದ ನಿದರ್ಶನಗಳಿವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪೆರ್ಬ್ಬೊಳಲ್ ರೂಪದಲ್ಲಿನ ಬಕಾರದ ದ್ವಿತ್ವವನ್ನು ಕಂಡು ಸಮರೂಪಧಾರಣೆ ಆಗಲೇ ಆರಂಭವಾಗಿತ್ತೆಂದು ಊಹಿಸುವವರುಂಟು. ಆ ದ್ವಿತ್ವ ಬರವಣಿಗೆಯ ರೂಢಿ ಮಾತ್ರ. ಧರ್ಮ್ಮ, ಸರ್ವ್ವ ಎಂದು ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಸಿ ಬರೆಯುವುದು ಶಾಸನಗಳ ಸಾಮಾನ್ಯ ಪದ್ಧತಿ. ರೇಫ ಅಲ್ಲಿಯೇ ಉಳಿದಿರುವಾಗ ಸಮರೂಪಧಾರಣೆಯ ಮಾತು ಸಲ್ಲದು.

ತೊಡಕು ಇರುವುದು ಕೊನೆಯ ಭಾಗದಲ್ಲಿ. -ಒಳಲ್ ಎಂಬುದು -ಆಳ ಆಗುವುದಕ್ಕೆ ಕನ್ನಡದಲ್ಲಿ ಕ್ರಮಬದ್ಧ ಧ್ವನಿನಿಯಮವಿಲ್ಲ. ಹೊಳಲ್ಕೆರೆಯಲ್ಲಿ ಇದೇ ಪದ ಪೂರ್ವಪದವಾಗಿ ನಿಂತು ಪಕಾರವನ್ನು ಹಕಾರಕ್ಕೆ ಬಿಟ್ಟುಕೊಟ್ಟರೂ ಉಳಿದ ಆಕಾರವನ್ನು ಕಾಪಾಡಿಕೊಂಡಿದೆ. ಹೆಬ್ಬಾಳದಲ್ಲಿ ಅದು ಉತ್ತರಪದ. ಅಲ್ಲಿ ಸವೆತ ಹೆಚ್ಚು. ಹೊಳಲ್ ಎಂಬ ಮಾತಿನ ಅರ್ಥ ಆಡುನುಡಿಯಿಂದ ಮರೆಯಾದ ಮೇಲೆ, -ಆಳ ಎಂದು ಕೊನೆಗೊಳ್ಳುವ ಇತರ ಊರುಹೆಸರುಗಳ ಸಾದೃಶ್ಯದಿಂದ ಹೆಸರು ಮರುರೂಪ ಪಡೆದಿರಬೇಕೆಂಬುದು ನಮ್ಮ ಎಣಿಕೆ. ಹೀಗಿರುವಾಗ ಎರಡು ರೂಪಗಳ ಏಕತೆಯನ್ನು ಧ್ವನಿನಿಯಮವೊಂದೇ ಸ್ಥಾಪಿಸಲಾರದು. ಮೈಸೂರಿನಲ್ಲಿಯೂ ಒಂದು ಹೆಬ್ಬಾಳವಿದೆ, ನಾಡಿನ ಬೇರೆಡೆಗಳಲ್ಲಿಯೂ ಇವೆ. ಅವೆಲ್ಲವೂ ಪೆರ್ಬ್ಬೊಳಲ್‌ಗಳೇ ಎನ್ನಲಾಗದು. ನಮ್ಮ ಹೆಬ್ಬಾಳದ ವಿಷಯದಲ್ಲಿ ನಿರ್ಣಾಯಕವಾದುದು ಕಲ್ಲು ಸಿಕ್ಕ ಜಾಗ. ಹೆಸರು, ಹೆಸರಿನ ನೆಲ ಎರಡೂ ಒಂದೆಡೆ ದೊರೆತವು. ಅದೇ ಕಲ್ಲು ಯಾವುದೋ ಕಟ್ಟಡದ ತಳಪಾಯಕ್ಕೆ ಸಾಗಿಹೋಗಿ ಮತ್ತೊಂದು ಬಡಾವಣೆಯಲ್ಲಿ ಸಿಕ್ಕಿದ್ದರೆ ಪೆರ್ಬ್ಬೊಳಲ್ ಇನ್ನೂ ನೆಲೆಯಿಲ್ಲದ ಹೆಸರಾಗಿಯೇ ಇರುತ್ತಿತ್ತು.

ಇನ್ನು ಪಾಠದ ಪ್ರಶ್ನೆ. ಈ ಶಾಸನದ ಕುರಿತ ಜನಪ್ರಿಯ ಬರಹಗಳಲ್ಲಿ ಹೆಸರು ‘ಪೆರ್ಬೊಳಲು’ ಎಂದು ಅಚ್ಚಾಗುತ್ತದೆ. ಓದುಗರಿಗೆ ಅನುಕೂಲವೆಂದು ಮಾಡಿದ ಸಣ್ಣ ಬದಲಾವಣೆಯಂತೆ ಇದು ತೋರುತ್ತದೆ. ಆದರೆ ಕೊನೆಯ ಉಕಾರ ವ್ಯಂಜನಾಂತ ಪದಗಳಿಗೆ ಮುಂದೆ ಸೇರಿಕೊಂಡ ಸ್ವರ. 8ನೆಯ ಶತಮಾನದ ರೂಪಕ್ಕೆ ಅದನ್ನು ಹಚ್ಚಿದರೆ, ಅದು ಎಂದು ಸೇರಿತೆಂದು ಕೇಳುವ ಅವಕಾಶವೇ ತಪ್ಪಿಹೋಗುತ್ತದೆ. ಳಕಾರದ ಸಂಗತಿ ಇನ್ನೂ ಸೂಕ್ಷ್ಮ. ವ್ಯುತ್ಪತ್ತಿಯಂತೆ ಇಲ್ಲಿ ೞಕಾರವಿರಬೇಕು. ಕ್ರಿ.ಶ. 1260ರ ಸುಮಾರಿನಲ್ಲಿ ಕೇಶಿರಾಜ ೞಕಾರದ ಪದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತೆಂದರೆ, ಅವನ ಕಾಲಕ್ಕೆ ಆ ಭೇದ ಕಿವಿಯಿಂದ ದೂರವಾಗಿತ್ತೆಂದೇ ಅರ್ಥ. ಶ್ರೀಪುರುಷನ ಕಾಲದ ಕಲ್ಲಿನಲ್ಲಿ ೞ ಇದ್ದರೆ ಅದು ನಿರೀಕ್ಷಿತ. ಳ ಇದ್ದರೆ, ಭೇದ ಅಳಿಯತೊಡಗಿದುದಕ್ಕೆ ಅದು ಸಾಕಷ್ಟು ಹಳೆಯ ಸಾಕ್ಷ್ಯವಾಗುತ್ತದೆ. ಇದನ್ನು ಪತ್ರಿಕೆಯ ಪಾಠದಿಂದ ತೀರ್ಮಾನಿಸುವುದು ಸಾಧುವಲ್ಲ. ಏಕೆಂದರೆ ಇಂದು ಕೀಲಿಮಣೆಯ ಮುಂದೆ ಕುಳಿತವರು ೞ ಇರುವಲ್ಲಿಯೂ ಳ ಎಂದೇ ಬರೆಯುವುದು ವಾಡಿಕೆ. (ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಆ ವ್ಯವಸ್ಥೆಯ ನಿಯಮ. ಕೇಶಿರಾಜನು ಇದಕ್ಕೆ ಯಾವ ಸೂತ್ರ ಬರೆಯುತ್ತಿದ್ದನೋ!)

ನಮ್ಮ ಶಾಸ್ತ್ರಗ್ರಂಥಗಳು ನಿಂತಿರುವುದು ಇಂಥ ಪಾಠಗಳ ಮೇಲೆಯೇ. ಎ.ಎನ್. ನರಸಿಂಹಯ್ಯನವರು 1941ರಲ್ಲಿ ಅತ್ಯಂತ ಪ್ರಾಚೀನ ಕನ್ನಡ ಶಾಸನಗಳ ವ್ಯಾಕರಣವನ್ನು ಪ್ರಕಟಿಸಿದರು. ಜಿ.ಎಸ್. ಗಾಯಿಯವರು 1946ರಲ್ಲಿ 8, 9 ಮತ್ತು 10ನೆಯ ಶತಮಾನಗಳ ಶಾಸನಗಳನ್ನು ಆಧರಿಸಿ ಹಳಗನ್ನಡದ ಐತಿಹಾಸಿಕ ವ್ಯಾಕರಣವನ್ನು ಬರೆದರು. ಇಬ್ಬರ ಮುಂದೆಯೂ ಪ್ರಧಾನವಾಗಿ ಇದ್ದುದು ಎಪಿಗ್ರಾಫಿಯಾ ಕರ್ನಾಟಿಕದಂಥ ಸಂಪುಟಗಳ ಮುದ್ರಿತ ಪಾಠ. ಬೆಂಗಳೂರು ಜಿಲ್ಲೆಗೆ ಸಂಬಂಧಿಸಿದ ಅದರ 9ನೆಯ ಸಂಪುಟವನ್ನು ಬಿ.ಎಲ್. ರೈಸ್ 1905ರಲ್ಲಿ ಹೊರತಂದರು. ರೈಸ್ ಅವರ ಸಾಹಸಕ್ಕೆ ನಾವೆಲ್ಲರೂ ಋಣಿಗಳು. ಆದರೂ ಸಂಪಾದಕನ ಕಣ್ಣಿಗೆ ಕಂಡ ಅಕ್ಷರವೇ ವ್ಯಾಕರಣಕಾರನಿಗೆ ಪ್ರಮಾಣವಾಯಿತೆಂಬುದು ನಿಜ. ಸಂಶಯ ಬಂದಾಗ ಮತ್ತೆ ನೋಡಲು ಇದ್ದುದು ಕಾಗದದ ಪಡಿಯಚ್ಚು, ಇಲ್ಲವೇ ಕಲ್ಲು. ಆ ಗ್ರಾಮಗಳು ಬಡಾವಣೆಗಳಾದಂತೆ ಅನೇಕ ಕಲ್ಲುಗಳು ಕಾಣೆಯಾಗಿವೆ. ಕಲ್ಲು ಹೋದಲ್ಲಿ ಮುದ್ರಿತ ಪಾಠವನ್ನು ಪ್ರಶ್ನಿಸುವ ದಾರಿಯೂ ಬಹುಮಟ್ಟಿಗೆ ಮುಚ್ಚಿಹೋಯಿತು.

ಈ ಸ್ಥಿತಿಯನ್ನು ಬದಲಿಸಿದ್ದು ಭಾಷಾವಿಜ್ಞಾನ ವಿಭಾಗಗಳಲ್ಲ. ನಗರದ ಶಾಸನಗಳ ಉಳಿವಿಗೆಂದು ಆಸಕ್ತರು ಕೂಡಿ ನಡೆಸಿದ ಪ್ರಯತ್ನ, ಅದರ ಮುಂಚೂಣಿಯಲ್ಲಿದ್ದ ಎಂಜಿನಿಯರ್ ಪಿ.ಎಲ್. ಉದಯಕುಮಾರ್, ಬಳಿಕ 2021ರಿಂದ 1909ರಷ್ಟು ಹಳೆಯದಾದ ಮಿಥಿಕ್ ಸೊಸೈಟಿಯ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆ: ಕೆಲಸ ನಡೆದದ್ದು ಹೀಗೆ. ಸ್ಕ್ಯಾನರು ಕಲ್ಲಿನ ಮೇಲ್ಮೈಯ ಏರುತಗ್ಗುಗಳನ್ನು ಅಳೆಯುತ್ತದೆ. ಆ ಅಳತೆಯಿಂದ ಬಣ್ಣ, ಕಲೆ, ಬೆಳಕಿನ ಓರೆಗಳನ್ನು ಬದಿಗಿಟ್ಟು ಆಳವನ್ನಷ್ಟೇ ತೋರಿಸುವ ಬಿಂಬವನ್ನು ಪಡೆಯಬಹುದು. ಸವೆದ ಗೆರೆ ಬರಿಗಣ್ಣಿಗಿಂತ ಅಲ್ಲಿ ಸ್ಪಷ್ಟ. ಉಳಿಯಿಂದ ಕೊರೆದ ಗೆರೆಗೂ ಬಿರುಕಿಗೂ ಇರುವ ವ್ಯತ್ಯಾಸವನ್ನು ಆಳದಿಂದಲೇ ವಿವೇಚಿಸಬಹುದು. ಕಿತ್ತಯ್ಯನ ಶಿಲ್ಪರೂಪ ಜನರ ಗಮನಕ್ಕೆ ಬಂದದ್ದೂ ಇಂಥ ಬಿಂಬದಿಂದಲೇ. ನಮಗೆ ಬೇಕಾದುದು ಅವನ ಮುಖಕ್ಕಿಂತ ಆ ಹೆಸರಿನ ಒಂದೊಂದು ಅಕ್ಷರ. ಬಿಂಬ ಎಲ್ಲ ವಿವಾದವನ್ನೂ ಬಗೆಹರಿಸುತ್ತದೆಂದು ನಾವು ಹೇಳುತ್ತಿಲ್ಲ. ಉಳಿಯೇ ತಪ್ಪಿದ್ದರೆ ಸ್ಕ್ಯಾನರು ಅದನ್ನೂ ನಿಷ್ಠೆಯಿಂದ ತೋರಿಸುತ್ತದೆ. ಆದರೆ ಇಬ್ಬರು ವಿದ್ವಾಂಸರು ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಅಕ್ಷರವನ್ನು ನೋಡಿ ಭಿನ್ನಾಭಿಪ್ರಾಯ ತಾಳಬಹುದು. ಪಾಠವನ್ನು ಮಾತ್ರ ಕೊಟ್ಟು ಬಿಂಬವನ್ನು ಕೊಡದ ಆವೃತ್ತಿಯನ್ನು ಇನ್ನು ಮುಂದೆ ಧ್ವನಿವಿಚಾರಕ್ಕೆ ಪ್ರಮಾಣವೆಂದು ಒಪ್ಪಬಾರದೆಂಬುದು ನಮ್ಮ ಸಲಹೆ.

ಹೆಬ್ಬಾಳದಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರು ದೂರದ ಯಲಹಂಕಕ್ಕೂ ಇದೇ ಪರೀಕ್ಷೆ ನಡೆಯಬೇಕಾಗಿದೆ. ತಮಿಳು ಶಾಸನಗಳಲ್ಲಿ ಅದು ಇಲೈಪ್ಪಾಕ್ಕ ನಾಡು. ಪಕಾರಕ್ಕೆ ಎದುರಾಗಿ ಕನ್ನಡದಲ್ಲಿ ಹಕಾರ ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಆದರೆ ತಮಿಳಿನ ದೀರ್ಘಸ್ವರ, ಕನ್ನಡದ ಅನುಸ್ವಾರ ಎಲ್ಲಿಂದ ಬಂದವೆಂಬುದಕ್ಕೆ ನಡುವಣ ಶತಮಾನಗಳ ರೂಪಗಳನ್ನು ಒಂದೊಂದಾಗಿ, ಕಲ್ಲಿನಿಂದಲೇ, ಓದಬೇಕು. ಆ ಪ್ರದೇಶದ ಶಾಸನಗಳಲ್ಲಿ ಕನ್ನಡದವೂ ತಮಿಳಿನವೂ ಇರುವುದರಿಂದ ಈ ಓದು ಎರಡೂ ಲಿಪಿಗಳನ್ನು ಬಲ್ಲವರ ಕೈಯಲ್ಲಿ ಆಗಬೇಕಾದುದು.